ಫೈರ್ ಪಿಟ್ ಕೊಳ್ಳುವ ಮೊದಲು ಜಾಗ ನೋಡಿ, ಸೌದೆ ನೋಡಿ

ಈ ಚಳಿಗಾಲದಲ್ಲಿ ನಮ್ಮೂರ ಯುವಕ ಸಂಘದ ವಾಟ್ಸ್‌ಆ್ಯಪ್ ಗ್ರೂಪಿಗೆ ಒಂದು ಫೋಟೊ ಬಂತು. ಯಾವುದೋ ಹೋಂಸ್ಟೇ ಅಂಗಳ. ನಡುವೆ ಕಬ್ಬಿಣದ ಚೆಂದದ ಬೆಂಕಿ ಕುಂಡ, ಸುತ್ತ ಕುರ್ಚಿ. ಕೆಳಗೆ ಒಂದು ಸಾಲು: ‘ನಮ್ಮ ಡೇರಿ ಮುಂದೆಯೂ ಇಂಥದ್ದೊಂದು ಇಡೋಣವಾ?’ ಹತ್ತಾರು ಲೈಕ್ ಬಿದ್ದವು. ನಾವು ಮಾತ್ರ ಸ್ವಲ್ಪ ತಡೆಯಿರಿ ಎಂದೆವು. ಯಾಕೆ ಅಂತ ಇಲ್ಲಿ ಹೇಳುತ್ತೇವೆ.

ಡೇರಿ ಮುಂದೆ ಬೆಂಕಿ ಹೊಸದಲ್ಲ. ಧನುರ್ಮಾಸದ ಬೆಳಗಿನ ಜಾವ ಹಾಲು ಹಾಕಲು ಬಂದವರು ಸರದಿ ಬರುವವರೆಗೆ ಚಳಿ ಕಾಯಿಸುತ್ತಾರೆ. ಊರಿನ ಅರ್ಧ ಸುದ್ದಿ ಹುಟ್ಟುವುದೇ ಅಲ್ಲಿ. ಆದರೆ ಉರಿಸುವುದು ಏನನ್ನು? ಸೈಕಲ್ ಟೈರು, ಫೀಡ್ ಚೀಲ, ಪ್ಲಾಸ್ಟಿಕ್ ಕವರು. ದಮ್ಮು ಇರುವ ಅಜ್ಜ ಒಬ್ಬರು ಕ್ಯಾನ್ ಹಿಡಿದು ದೂರವೇ ನಿಂತಿರುತ್ತಾರೆ. ‘ಯಾಕಜ್ಜ, ಇಲ್ಲಿ ಬನ್ನಿ’ ಅಂತ ಕರೆದರೆ, ‘ನಿಮ್ಮ ಬೆಂಕಿಗಿಂತ ಚಳೀನೇ ವಾಸಿ ಕಣಪ್ಪಾ’ ಅನ್ನುತ್ತಾರೆ.

ಸಾವಿರಾರು ರೂಪಾಯಿ ಕೊಟ್ಟು ಹೊಸ ಕುಂಡ ತಂದರೂ ಅದರೊಳಗೆ ಟೈರು ಹಾಕಿದರೆ ಅಜ್ಜ ಅಲ್ಲೇ ನಿಂತಿರುತ್ತಾರೆ. ಅದಕ್ಕೇ ನಮ್ಮ ಅಭಿಪ್ರಾಯ ಇಷ್ಟು: ಮೊದಲು ಜಾಗ, ಆಮೇಲೆ ಸೌದೆ, ಕೊನೆಗೆ ಕುಂಡ. ಅಂಗಳದಲ್ಲಿ ಇಡುವವರಿಗೂ, ಹೋಂಸ್ಟೇ ಮಾಡುವವರಿಗೂ ಇದೇ ಮಾತು.

ಜಾಗದ ವಿಷಯಕ್ಕೆ ಬಂದರೆ, ಅರಳಿಕಟ್ಟೆ ಪಕ್ಕ ಬೇಡವೇ ಬೇಡ. ಕೂರಲು ನೆರಳು ಚೆಂದ, ಆದರೆ ಬಿಸಿಗೆ ಕೊಂಬೆ ಬಾಡುತ್ತದೆ, ಒಣಗಿದ ಎಲೆಗೆ ಕಿಡಿ ಸಾಕು. ಮೇಲೆ ಕರೆಂಟ್ ತಂತಿ ಇರಬಾರದು. ಗೋಡೆ, ಸೂರಿನಿಂದ ಕನಿಷ್ಠ 10 ಅಡಿ ದೂರ ಇರಲಿ. ಹುಲ್ಲಿನ ಮೆದೆ, ಕೊಟ್ಟಿಗೆ ಇದ್ದರೆ ಅದರ ಎರಡು ಮೂರು ಪಟ್ಟು. ಚಳಿಗಾಲದಲ್ಲಿ ನಮ್ಮ ಕಡೆ ಗಾಳಿ ಹೆಚ್ಚಾಗಿ ಮೂಡಲಿಂದ ಬೀಸುತ್ತದೆ. ಹಾಗಾಗಿ ಬೆಂಕಿಯ ಪಡುವಲಿಗೆ ಅಂಗನವಾಡಿಯೋ ಬಾಣಂತಿ ಇರುವ ಮನೆಯೋ ಇದೆಯಾ ನೋಡಿಕೊಳ್ಳಿ. ಕಾಡಂಚಿನವರು ಇನ್ನೂ ಎಚ್ಚರವಾಗಿರಬೇಕು. 2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಬಿದ್ದು ಸಾವಿರಾರು ಎಕರೆ ಸುಟ್ಟಿದ್ದನ್ನು ನಾವೆಲ್ಲ ನೋಡಿದ್ದೇವೆ. ಬೇಸಿಗೆ ಹತ್ತಿರವಾಗಿ ಹುಲ್ಲು ಒಣಗಿದ ಮೇಲೆ ಅಂಥ ಕಡೆ ಬಯಲು ಬೆಂಕಿ ನಿಲ್ಲಿಸುವುದೇ ಸರಿ.

ಇನ್ನು ಸೌದೆ. ಜಾಲಿ, ಹುಣಸೆ, ಮಾವು ಯಾವುದಾದರೂ ಆಗಬಹುದು, ಆದರೆ ಚೆನ್ನಾಗಿ ಒಣಗಿರಬೇಕು. ಸೀಳಿ, ನೆರಳಿನಲ್ಲಿ ಗಾಳಿಯಾಡುವಂತೆ ಒಟ್ಟಿ, ಆರು ತಿಂಗಳಾದರೂ ಬಿಡಬೇಕು. ಹಸಿ ಸೌದೆಯ ಶಾಖವೆಲ್ಲ ನೀರು ಆರಿಸುವುದಕ್ಕೇ ಹೋಗುತ್ತದೆ, ನಮಗೆ ಉಳಿಯುವುದು ಹೊಗೆ. ಬಣ್ಣ ಬಳಿದ ಹಳೇ ಬಾಗಿಲು, ಪ್ಲೈವುಡ್ ಬೇಡ. ಬೇಲಿಯಿಂದ ಕಡಿದ ಕಣಗಿಲೆಯಂತೂ ಬೇಡ, ಅದರ ಹೊಗೆಯೂ ವಿಷ. ಗೋಡಂಬಿ ಸಿಪ್ಪೆಯ ಹೊಗೆ ಕಣ್ಣು, ಗಂಟಲು ಉರಿಸುತ್ತದೆ.

ಈಗ ಕುಂಡ. ಗುಜರಿಯಲ್ಲಿ ಸಿಗುವ ಲಾರಿಯ ಕಬ್ಬಿಣದ ರಿಮ್ ಒಳ್ಳೆಯದೇ, ಕಡಿಮೆ ದುಡ್ಡಿಗೆ ಬರುತ್ತದೆ. ಡ್ರಮ್ ಕತ್ತರಿಸುವುದಾದರೆ ಅದರಲ್ಲಿ ಮೊದಲು ಏನಿತ್ತು ಎಂದು ಕೇಳಿ. ಎಣ್ಣೆ, ಪೆಟ್ರೋಲು, ಔಷಧಿ ಇದ್ದ ಡ್ರಮ್ಮಿಗೆ ಗ್ಯಾಸ್ ಕಟರ್ ಹಿಡಿದರೆ ಸಿಡಿಯಬಹುದು. ಸತುವಿನ ಲೇಪ ಇರುವ ತಗಡಿನ ಬಕೆಟ್ಟೂ ಬೇಡ, ಜೋರಾಗಿ ಕಾದರೆ ಕೆಟ್ಟ ಹೊಗೆ ಬಿಡುತ್ತದೆ. ಬಾವಿಗೆ ಇಳಿಸುವ ಸಿಮೆಂಟ್ ರಿಂಗ್ ಕಾದು ಬಿರಿಯುತ್ತದೆ. ಹೊಳೆ ಕಲ್ಲು ನೋಡಲು ಚೆಂದ, ಒಳಗೆ ನೀರು ಕೂತಿದ್ದರೆ ಬೆಂಕಿಗೆ ಸಿಡಿದು ಮುಖಕ್ಕೆ ಹಾರೀತು.

ನಮಗೆ ಎಲ್ಲಕ್ಕಿಂತ ಇಷ್ಟವಾದದ್ದು ಸುಟ್ಟ ಇಟ್ಟಿಗೆ, ಕೆಮ್ಮಣ್ಣಿನ ಗಾರೆ. ಒಳಗಿನ ಅಗಲ 3 ಅಡಿ, ಎತ್ತರ ಒಂದೂವರೆ ಅಡಿ ಸಾಕು. ತಳಕ್ಕೆ ಜಲ್ಲಿ ಹಾಕಿದರೆ ಮಳೆ ನೀರು ನಿಲ್ಲುವುದಿಲ್ಲ. ಕೆಳಗಿನ ಸಾಲಿನಲ್ಲಿ ಅಲ್ಲಲ್ಲಿ ಇಟ್ಟಿಗೆ ಬಿಟ್ಟು ಗಾಳಿಗೆ ದಾರಿ ಮಾಡಿ, ಮೇಲೆ ಕಬ್ಬಿಣದ ಜಾಲರಿ ಇಟ್ಟು ಅದರ ಮೇಲೆ ಸೌದೆ ಜೋಡಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದ ಅಸ್ತ್ರ ಒಲೆ ನಿಮ್ಮ ಅಜ್ಜಿಗೆ ಗೊತ್ತಿರಬಹುದು. ಅಲ್ಲೂ ಸೌದೆ ಜಾಲರಿ ಮೇಲೆ, ಗಾಳಿ ಕೆಳಗಿನಿಂದ. ಈಗ ಮಾರಾಟಕ್ಕಿರುವ ‘ಹೊಗೆ ಇಲ್ಲದ’ ಕುಂಡಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿವೆ. ಎರಡು ಗೋಡೆಯ ನಡುವೆ ಗಾಳಿ ಕಾದು, ಮೇಲಿನ ತೂತುಗಳಿಂದ ಹೊರಬಂದು ಹೊಗೆಯನ್ನೇ ಉರಿಸುತ್ತದೆ. ಉಪಾಯ ಸುಳ್ಳಲ್ಲ. ಆದರೆ ಹಸಿ ಸೌದೆ ಹಾಕಿದರೆ ಅದೂ ಹೊಗೆಯಾಡುತ್ತದೆ.

ಒಂದು ಮಾತು ಮಾತ್ರ ಮರೆಯಬೇಡಿ. ಬೆಂಕಿ ಕಡಿಮೆಯಾಯಿತೆಂದು ಕೆಂಡವನ್ನು ಬಾಂಡ್ಲಿಗೆ ತುಂಬಿ ಕೋಣೆಯೊಳಗೆ ಇಟ್ಟು ಮಲಗಬೇಡಿ. ಕೆಂಡದಿಂದ ಬರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಕೂತುಬಿಡುತ್ತದೆ. ಮಲಗಿದವರಿಗೆ ಎಚ್ಚರವೇ ಆಗದೆ ಜೀವ ಹೋಗಬಹುದು. ಹೊರಗಿನ ಬೆಂಕಿ ಹೊರಗೇ ಮುಗಿಯಲಿ. ಹೊರಡುವಾಗ ಬರೀ ಮಣ್ಣು ಮುಚ್ಚಿದರೆ ಒಳಗೆ ಕೆಂಡ ಗಂಟೆಗಟ್ಟಲೆ ಬದುಕಿರುತ್ತದೆ, ಬೂದಿ ಅಂತ ಮಗು ಕಾಲಿಟ್ಟರೆ ಕಥೆ ಮುಗಿಯಿತು. ನೀರು ಹಾಕಿ, ಕೋಲಿನಿಂದ ಕೆದಕಿ, ಮತ್ತೆ ನೀರು ಹಾಕಿ.

ಇಟ್ಟಿಗೆ ಕೆಲಸವನ್ನು ಸಂಘದ ಹುಡುಗರೇ ಒಂದು ಭಾನುವಾರ ಮುಗಿಸಬಹುದು. ಉಳಿಯುವ ಹಣದಲ್ಲಿ ಸೌದೆ ನೆನೆಯದಂತೆ ಒಂದು ಶೀಟು, ಕೂರಲು ಎರಡು ಕಲ್ಲು ಬೆಂಚು ಮಾಡಿಸೋಣ ಎಂದು ನಾವು ಗ್ರೂಪಿನಲ್ಲಿ ಬರೆದಿದ್ದೇವೆ. ಈ ಸಲ ಲೈಕ್ ಸ್ವಲ್ಪ ಕಡಿಮೆ ಬಿದ್ದಿವೆ. ಪರವಾಗಿಲ್ಲ. ಒಂದು ಬೆಂಚು ಬೆಂಕಿಯ ಮೂಡಲ ಕಡೆ, ಹೊಗೆ ತಾಗದ ಹಾಗೆ ಇರಲಿ. ಅಲ್ಲಿ ಮೊದಲು ಕೂರಬೇಕಾದವರು ಯಾರೆಂದು ಊರಿಗೆಲ್ಲ ಗೊತ್ತು.