ಮೂವತ್ತು ವರ್ಷಗಳ ಶಾಲಾ ಲೆಕ್ಕ

1994ರಲ್ಲಿ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ ಶುರುವಾದಾಗ ರಾಜ್ಯದಿಂದ ಮೊದಲು ಆಯ್ಕೆಯಾದದ್ದು ನಾಲ್ಕೇ ಜಿಲ್ಲೆ: ಬೆಳಗಾವಿ, ಮಂಡ್ಯ, ರಾಯಚೂರು, ಕೋಲಾರ. ಆ ಕಾರ್ಯಕ್ರಮದ ಜೊತೆಗೇ ಹುಟ್ಟಿದ್ದು 'ಡೈಸ್' ಮಾಹಿತಿ ವ್ಯವಸ್ಥೆ. ದೇಶದ ಬಹುಪಾಲು ಜಿಲ್ಲೆಗಳಿಗಿಂತ ಮೊದಲೇ ನಮ್ಮ ಕೋಲಾರದ ಮೇಷ್ಟ್ರುಗಳು ಅದರ ನಮೂನೆ ತುಂಬಿದರು. ಸೆಪ್ಟೆಂಬರ್ 30ಕ್ಕೆ ಮಕ್ಕಳೆಷ್ಟು, ಕೊಠಡಿಯೆಷ್ಟು, ಕುಡಿಯುವ ನೀರಿದೆಯೇ ಎಂಬಂಥವು ಆಗಿನ ಪ್ರಶ್ನೆಗಳು.

2012-13ರಲ್ಲಿ ಪ್ರೌಢಶಾಲೆಗಳೂ ಸೇರಿ ಅದು ಯು-ಡೈಸ್ ಆಯಿತು, 2018-19ರಲ್ಲಿ ಆನ್‌ಲೈನ್ ಆಯಿತು. ನಿಜವಾದ ತಿರುವು 2022-23ರದು: ತಲೆಯೆಣಿಕೆ ಹೋಗಿ ಒಂದೊಂದು ಮಗುವಿನ ವಿವರ ಬಂತು. ವಿದ್ಯಾರ್ಥಿಗಳ ಜಾಡು ಹಿಡಿಯುವ ರಾಜ್ಯದ್ದೇ ವ್ಯವಸ್ಥೆ 'ಸ್ಯಾಟ್ಸ್' ಈ ಕೆಲಸವನ್ನು ಅದಕ್ಕೂ ಮೊದಲೇ ಕೈಗೆತ್ತಿಕೊಂಡಿತ್ತು. ಎಸ್ಸೆಸ್ಸೆಲ್ಸಿ ನೋಂದಣಿಗೂ ಇಂದು ಅದರದೇ ಮಾಹಿತಿ ಆಧಾರ.

ಒಂದೊಂದು ಮಗುವಿನ ಈ ವಿವರದ ಬೆಲೆ ಮಾಲೂರಿನ ಇಟ್ಟಿಗೆ ಗೂಡುಗಳಲ್ಲಿ ಗೊತ್ತಾಗುತ್ತದೆ. ಕೂಲಿಗೆ ಬಂದ ಕುಟುಂಬ ಹಂಗಾಮು ಮುಗಿಯುತ್ತಲೇ ಬೇರೆಡೆ ಹೊರಟರೆ ಮಗುವಿನ ಕೈಯಲ್ಲಿ ಟಿಸಿಯೂ ಇರುವುದಿಲ್ಲ. ಹಿಂದೆ ಅಂಥ ಮಗು ಒಂದು ಶಾಲೆಯ ಹಾಜರಿ ಪುಸ್ತಕದಲ್ಲಿ ಉಳಿದು, ಇನ್ನೊಂದರಲ್ಲಿ ಸೇರದೆ, ಕಾಣೆಯಾಗುತ್ತಿತ್ತು. ಈಗ ರಾಜ್ಯ ದಾಟಿದರೂ ಯು-ಡೈಸ್ ಕೊಟ್ಟ ಅದರ ವಿದ್ಯಾರ್ಥಿ ಸಂಖ್ಯೆ ಜೊತೆಗಿರುತ್ತದೆ. ಹೊಸ ಶಾಲೆ ಸೇರದಿದ್ದರೆ 'ಡ್ರಾಪ್ ಬಾಕ್ಸ್'ನಲ್ಲಿ ಹೆಸರು ಕಾಣುತ್ತದೆ. ಈ ಒಂದು ಲಾಭಕ್ಕಾಗಿಯೇ ವ್ಯವಸ್ಥೆಯನ್ನು ನಾವು ಉಳಿಸಿಕೊಳ್ಳಬೇಕು. ಆದರೆ ಆ ಪಟ್ಟಿ ಹಿಡಿದು ಗೂಡಿನ ಬಳಿಗೆ ಯಾರಾದರೂ ನಡೆದು ಹೋಗಲೇಬೇಕು.

ಹೋಗುವವರು ಯಾರು? ಹುತ್ತೂರು ಹೋಬಳಿಯಾಗಲಿ, ಶ್ರೀನಿವಾಸಪುರದ ಗಡಿಹಳ್ಳಿಯಾಗಲಿ, ಸರ್ಕಾರಿ ಪ್ರಾಥಮಿಕ ಶಾಲೆಗೆ ಗುಮಾಸ್ತರಿಲ್ಲ. ಒಂದೇ ಮಗುವಿನ ವಿವರವನ್ನು ಸ್ಯಾಟ್ಸ್‌ಗೂ ಯು-ಡೈಸ್‌ಗೂ ಹೊಂದಿಸಬೇಕಾದವರು ಮುಖ್ಯಶಿಕ್ಷಕರೇ. ಆಧಾರ್‌ನಲ್ಲಿ ಒಂದು ಕಾಗುಣಿತ, ದಾಖಲಾತಿ ಪುಸ್ತಕದಲ್ಲಿ ಇನ್ನೊಂದು. ಮನೆಮಾತು ತೆಲುಗಾಗಿರುವ ಮುಳಬಾಗಿಲು ಕಡೆ ಹೆಸರು ಇಂಗ್ಲಿಷಿಗೆ ಇಳಿಯುವಾಗ ಇನ್ನಷ್ಟು ಗೋಜಲು. ವಿದ್ಯಾರ್ಥಿಯ ಶಾಶ್ವತ ಗುರುತಾದ 'ಅಪಾರ್' ಸಂಖ್ಯೆ ಬಂದ ಮೇಲೆ ಆ ತಿದ್ದುಪಡಿಗೆ ಕೂಲಿ ಬಿಟ್ಟು ಅಲೆಯುವವರು ತಂದೆತಾಯಿ. ಬಹುತರಗತಿ ಶಾಲೆಯಲ್ಲಿ ಮೇಷ್ಟ್ರು ಮೊಬೈಲ್ ಹಿಡಿದು ಓಟಿಪಿಗೆ ಕಾಯುವ ಗಂಟೆ ಪಾಠದ ಗಂಟೆಯೇ.

ಇಷ್ಟು ವರ್ಷ ಮಾಹಿತಿ ಮೇಲಕ್ಕೇ ಹೋಗಿದೆ. ಬರುವ ಶೈಕ್ಷಣಿಕ ವರ್ಷಕ್ಕೆ ನಮ್ಮ ಬೇಡಿಕೆ ಮೂರು. ವಿವರ ಒಮ್ಮೆ ತುಂಬಿದರೆ ಎರಡೂ ಕಡೆ ಸೇರಲಿ. ಪ್ರತಿ ಕ್ಲಸ್ಟರ್‌ಗೆ ಒಬ್ಬ ಡೇಟಾ ಎಂಟ್ರಿ ಆಪರೇಟರ್ ನೇಮಕವಾಗಲಿ. ತನ್ನ ಊರಿನ ಯಾವ ಮಗು ಶಾಲೆಯಿಂದ ಹೊರಗಿದೆ ಎಂಬ ಪಟ್ಟಿ ಪ್ರತಿ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಯ ಮೇಜಿಗೆ ಕನ್ನಡದಲ್ಲಿ ಬರಲಿ.