ಟವೆಲ್ ಕೆಳಗಿನ ಲಿಂಕು

ಕಳೆದ ಸೆಮಿಸ್ಟರ್ ಶುರುವಾದಾಗ ಫಸ್ಟ್ ಇಯರ್ ಹುಡುಗರ ವಾಟ್ಸಾಪ್ ಗ್ರೂಪಿಗೆ ನಾನೊಂದು ಲಿಂಕ್ ಹಾಕಿದ್ದೆ. "ಈ ಕ್ಯಾಲ್ಕುಲೇಟರ್ ತಗೊಳ್ಳಿ, ನಾಲ್ಕೂ ವರ್ಷ ಬರುತ್ತೆ, ನಾನೂ ಇದನ್ನೇ ಬಳಸೋದು" ಅಂತ. ಲಿಂಕ್ ನೋಡೋಕೆ ಚೆಂದ ಇತ್ತು. ನನ್ನದೇ ಪುಟ್ಟ ವೆಬ್‌ಸೈಟಿನ ಹೆಸರು, ಒಂದು ಸ್ಲ್ಯಾಶ್, ಆಮೇಲೆ "ಕ್ಯಾಲ್ಕ್". ಅಷ್ಟೇ.

ಅರ್ಧ ಗಂಟೆಯಲ್ಲಿ ಒಬ್ಬ ಜೂನಿಯರ್ ಸ್ಕ್ರೀನ್‌ಶಾಟ್ ಹಾಕಿದ. ಟರ್ಮಿನಲ್ ತೆರೆದು, ನನ್ನ ಲಿಂಕಿಗೆ ಕರ್ಲ್ ಕಮಾಂಡ್ ಕೊಟ್ಟು ಹೆಡರ್ ತರಿಸಿದ್ದ. ಮೇಲೆ 302, ಅದರ ಕೆಳಗೆ ಶಾಪಿಂಗ್ ಸೈಟಿನ ಉದ್ದನೆಯ ವಿಳಾಸ, ಅದರ ತುದಿಯಲ್ಲಿ ನನ್ನ ಅಫಿಲಿಯೇಟ್ ಟ್ಯಾಗ್. ಜೊತೆಗೆ ಒಂದೇ ಸಾಲು: "ಅಣ್ಣಾ, ಇದ್ರಲ್ಲಿ ನಿಮಗೆಷ್ಟು?"

ಬೈದಿದ್ರೆ ಏನಾದ್ರೂ ತಿರುಗಿ ಹೇಳ್ತಿದ್ದೆ. ಅವನು ಬೈದಿರಲಿಲ್ಲ, ಬರೀ ಕೇಳಿದ್ದ. ಅದಕ್ಕೇ ಇದನ್ನು ಬರೀತಾ ಇದ್ದೀನಿ.

ಮೊದಲು ರೀಡೈರೆಕ್ಟ್ ಪರವಾಗಿ ಎರಡು ಮಾತು. ನೀವು ಚಿಕ್ಕ ಲಿಂಕ್ ಒತ್ತಿದಾಗ ನನ್ನ ಸರ್ವರ್ ನಿಮಗೆ ಪೇಜ್ ಕೊಡಲ್ಲ. "ನೀನು ಹುಡುಕ್ತಿರೋದು ಅಲ್ಲಿದೆ, ಹೋಗು" ಅಂತ ಬೇರೆ ವಿಳಾಸ ಕೊಡುತ್ತೆ. ವಿಳಾಸ ಶಾಶ್ವತವಾಗಿ ಬದಲಾಗಿದ್ರೆ 301, ಸದ್ಯಕ್ಕೆ ಮಾತ್ರ ಅಂದ್ರೆ 302. ಇದರಲ್ಲಿ ತಪ್ಪೇನೂ ಇಲ್ಲ. ಮಾಲು ಖಾಲಿಯಾದ್ರೆ ಇಪ್ಪತ್ತು ಕಡೆ ಲಿಂಕ್ ತಿದ್ದೋ ಬದಲು ಒಂದೇ ಕಡೆ ತಿದ್ದಬಹುದು. ಎಷ್ಟು ಜನ ಒತ್ತಿದ್ರು ಅಂತ ಲೆಕ್ಕ ಸಿಗುತ್ತೆ. ಅರ್ಧ ಇಂಟರ್ನೆಟ್ ಓಡ್ತಿರೋದೇ ಹೀಗೆ.

ಹಾಗಾದ್ರೆ ನನ್ನ ತಪ್ಪೇನು?

ದನದ ಜಾತ್ರೆ ನೋಡಿದವರಿಗೆ ಗೊತ್ತು. ಅಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಕೈ ಹಿಡಿದು ಬೆರಳಲ್ಲೇ ರೇಟ್ ಮಾತಾಡ್ತಾರೆ. ಸುತ್ತ ನಿಂತವರಿಗೆ ರೇಟ್ ಗೊತ್ತಾಗಲ್ಲ. ಆದ್ರೆ ದಲ್ಲಾಳಿ ಯಾರು ಅಂತ ಇಡೀ ಜಾತ್ರೆಗೇ ಗೊತ್ತು. ಅವನು "ಈ ಜೋಡಿ ಭಾರಿ ಚೆನ್ನಾಗಿದೆ" ಅಂದ್ರೆ ಕೇಳಿದವನು ಆ ಮಾತನ್ನು ಅಷ್ಟಕ್ಕೇ ತೂಗಿ ತಗೋತಾನೆ. ನಾನು ಟವೆಲ್ ಕೆಳಗೆ ಮುಚ್ಚಿಟ್ಟಿದ್ದು ರೇಟನ್ನಲ್ಲ, ನಾನು ದಲ್ಲಾಳಿ ಅನ್ನೋದನ್ನೇ. ಗ್ರೂಪಿನಲ್ಲಿ ಮಾತಾಡಿದ್ದು ಸೀನಿಯರ್ ಥರ.

"ಕೊಳ್ಳೋನಿಗೆ ಒಂದು ರೂಪಾಯಿ ಜಾಸ್ತಿ ಆಗಲ್ಲ, ಕಮಿಷನ್ ಕಂಪನಿ ಕೊಡುತ್ತೆ, ಯಾರಿಗೇನು ನಷ್ಟ?" ಅನ್ನೋದು ಎಲ್ಲರೂ ಹೇಳೋ ಸಮಾಧಾನ. ನಾನೂ ಹೇಳಿಕೊಂಡಿದ್ದೆ. ಬೆಲೆ ಬದಲಾಗಲ್ಲ, ನಿಜ. ಬದಲಾಗೋದು ಸಲಹೆ. ಫೈನಲ್ ಇಯರ್‌ನವರು ಹಳೇ ಕ್ಯಾಲ್ಕುಲೇಟರನ್ನು ಅರ್ಧ ಬೆಲೆಗೆ ಕೊಟ್ಟು ಹೋಗ್ತಾರೆ ಅನ್ನೋದು ನನಗೆ ಗೊತ್ತಿತ್ತು. ನಾನು ಬಳಸ್ತಿರೋದೂ ಹಾಗೆ ತಗೊಂಡಿದ್ದೇ. ಆದ್ರೆ ಅದಕ್ಕೆ ಲಿಂಕ್ ಇಲ್ಲ, ಕಮಿಷನ್ನೂ ಇಲ್ಲ. ಹಾಗಾಗಿ ಆ ಮಾತು ನನ್ನ ಮೆಸೇಜಿನಲ್ಲಿ ಬರಲೇ ಇಲ್ಲ. ನಾನು ಒಂದು ಸುಳ್ಳೂ ಹೇಳಿರಲಿಲ್ಲ. ಆದ್ರೂ ಮನೆಯಿಂದ ತಿಂಗಳ ಖರ್ಚು ಎಣಿಸಿ ತರಿಸಿಕೊಳ್ಳೋ ಹುಡುಗರು ದುಪ್ಪಟ್ಟು ಕೊಟ್ಟರು. ಆ ಸೆಮ್‌ನಲ್ಲಿ ನನಗೆ ಒಟ್ಟು ಬಂದಿದ್ದು 412 ರೂಪಾಯಿ.

ಲಿಂಕ್ ಮುಚ್ಚೋದು ಕಂಪನಿಗಳಿಗೂ ಇಷ್ಟ ಇಲ್ಲ. ಅಮೆಜಾನ್ ತನ್ನ ಅಫಿಲಿಯೇಟ್ ವ್ಯವಸ್ಥೆ ಶುರು ಮಾಡಿದ್ದು 1996ರಲ್ಲಿ. ಕ್ಲಿಕ್ ಯಾವ ಸೈಟಿನಿಂದ ಬಂತು ಅನ್ನೋದನ್ನು ಮರೆಮಾಚಬೇಡಿ, ಲಿಂಕ್ ಅಮೆಜಾನಿಗೆ ಹೋಗುತ್ತೆ ಅನ್ನೋದು ಗೊತ್ತಾಗದ ಹಾಗೆ ಚಿಕ್ಕದು ಮಾಡಬೇಡಿ, ಖರೀದಿಯಿಂದ ನಿಮಗೆ ದುಡ್ಡು ಬರುತ್ತೆ ಅಂತ ಸ್ಪಷ್ಟವಾಗಿ ಬರೀರಿ: ಇವೆಲ್ಲ ಅದರ ನಿಯಮದಲ್ಲೇ ಇವೆ. ನಾವು ಓದದೆ "ಅಗ್ರೀ" ಒತ್ತಿರ್ತೀವಿ, ಅಷ್ಟೇ.

ಮುಚ್ಚೋ ಅಭ್ಯಾಸ ಎಲ್ಲಿಗೆ ಹೋಗುತ್ತೆ ಅನ್ನೋದಕ್ಕೂ ಉದಾಹರಣೆ ಇದೆ. ಅಮೆರಿಕದ ಶಾನ್ ಹೋಗನ್ ಈಬೇಯ ದೊಡ್ಡ ಅಫಿಲಿಯೇಟ್. ಜನ ಲಿಂಕ್ ಒತ್ತದೇ ಇದ್ರೂ ಅವರ ಬ್ರೌಸರಿಗೆ ಈಬೇ ಕುಕಿ ತುಂಬಿಸಿ, ಆಮೇಲೆ ಅವರೇನಾದ್ರೂ ಕೊಂಡ್ರೆ ಕಮಿಷನ್ ತಗೋತಿದ್ದ. ಇದಕ್ಕೆ ಕುಕಿ ಸ್ಟಫಿಂಗ್ ಅಂತಾರೆ. 2014ರಲ್ಲಿ ಅವನಿಗೆ ಐದು ತಿಂಗಳ ಜೈಲಾಯ್ತು. ನನ್ನ 302ಕ್ಕೂ ಅದಕ್ಕೂ ಬಹಳ ದೂರ, ಒಪ್ತೀನಿ. ಆದ್ರೆ ಎರಡರ ಹಿಂದೆಯೂ ಇರೋ ಯೋಚನೆ ಒಂದೇ: ಎದುರಿನವನಿಗೆ ಗೊತ್ತಾಗದಿದ್ರೆ ಒಳ್ಳೇದು.

ನಮ್ಮಲ್ಲೂ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲಿ ಇನ್‌ಫ್ಲುಯೆನ್ಸರ್‌ಗಳಿಗೆ ಮಾರ್ಗಸೂಚಿ ಕೊಟ್ಟಿದೆ. ಹಣವೋ ಉಡುಗೊರೆಯೋ ಸಿಗ್ತಿದ್ರೆ ಅದನ್ನು ಜನರಿಗೆ ಕಾಣೋ ಹಾಗೆ, ಸರಳ ಭಾಷೆಯಲ್ಲಿ ಹೇಳಬೇಕು ಅಂತ. "ನಾವೇನು ಇನ್‌ಫ್ಲುಯೆನ್ಸರಾ?" ಅಂತ ನಗಬಹುದು. ಇನ್‌ಸ್ಟಾದಲ್ಲಿ ನಮಗೆ ಮುನ್ನೂರು ಫಾಲೋವರ್ಸ್ ಇಲ್ಲದಿರಬಹುದು. ಆದ್ರೆ ಕಾಲೇಜಿಗೆ ಬಂದು ಎರಡು ವಾರ ಆದ ಹುಡುಗನಿಗೆ ಹಾಸ್ಟೆಲ್ ಸೀನಿಯರ್ ಮಾತಿಗಿಂತ ದೊಡ್ಡ ಇನ್‌ಫ್ಲುಯೆನ್ಸ್ ಇನ್ನೊಂದಿಲ್ಲ.

ಲಿಂಕ್ ಹಾಕಬೇಡಿ ಅಂತ ಹೇಳ್ತಿಲ್ಲ. ಪಾಕೆಟ್ ಮನಿ ಯಾರಿಗೆ ಬೇಡ? ಚಿಕ್ಕದು ಮಾಡಿ, ರೀಡೈರೆಕ್ಟ್ ಮಾಡಿ, ಕ್ಲಿಕ್ ಎಣಿಸಿ. ಮೇಲೊಂದು ಸಾಲು ಸೇರಿಸಿ: "ಇದರಿಂದ ಕೊಂಡ್ರೆ ನನಗೆ ಸ್ವಲ್ಪ ಕಮಿಷನ್ ಬರುತ್ತೆ." ಇನ್ನೂ ಅಗ್ಗದ ದಾರಿ ಗೊತ್ತಿದ್ರೆ ಅದನ್ನೂ ಹೇಳಿ. ಆ ಸಾಲು ಬರೆಯೋಕೆ ಮುಜುಗರ ಆಗ್ತಿದ್ರೆ, ಆ ಸಲಹೆಯನ್ನೇ ಇನ್ನೊಂದ್ಸಲ ಯೋಚಿಸಿ.

ಅವತ್ತು ರಾತ್ರಿ ನಾನು ಗ್ರೂಪಿನಲ್ಲಿ ಎಷ್ಟು ಅಂತ ಹೇಳಿದೆ. ಹಳೇ ಕ್ಯಾಲ್ಕುಲೇಟರ್ ಮಾರೋ ಫೈನಲ್ ಇಯರ್‌ನವರ ಪಟ್ಟಿಯನ್ನೂ ಹಾಕಿದೆ. ಈಗಲೂ ಆಗಾಗ ಲಿಂಕ್ ಹಾಕ್ತೀನಿ, ಮೇಲೆ ಆ ಸಾಲು ಇರುತ್ತೆ. ಆ ಜೂನಿಯರ್ ಈಗಲೂ ಪ್ರತಿಯೊಂದನ್ನೂ ಕರ್ಲ್ ಮಾಡಿ ನೋಡ್ತಾನೆ. ನೋಡಲಿ. ನೀವೂ ನೋಡಿ.