ಅಂಗಸಾಧನೆಯ ಗುರುವಿಗೆ ಶಾಲೆಯಲ್ಲಿ ಎಲ್ಲಿಯ ಸ್ಥಾನ?

ಯಾವುದೇ ವಿದ್ಯಾಸಂಸ್ಥೆಯ ಸ್ಮರಣ ಸಂಪುಟವನ್ನು ತೆರೆದು ನೋಡಿದರೂ ಅದರಲ್ಲಿ ಕಟ್ಟಡಗಳ ಭಾವಚಿತ್ರಗಳಿಗೂ, ದಾನಿಗಳ ನಾಮಾವಳಿಗೂ, ಪರೀಕ್ಷೆಗಳಲ್ಲಿ ಉನ್ನತ ಶ್ರೇಣಿ ಪಡೆದ ವಿದ್ಯಾರ್ಥಿಗಳ ವಿವರಕ್ಕೂ ಅಗ್ರಸ್ಥಾನ ದೊರೆಯುವುದು ವಾಡಿಕೆ. ಅದು ಯುಕ್ತವೂ ಹೌದು. ಆದರೆ ಬೆಳಗಿನ ಪ್ರಾರ್ಥನೆಗೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಸಂಜೆ ಕೊನೆಯ ಹುಡುಗ ಮೈದಾನವನ್ನು ಬಿಟ್ಟು ಮನೆಯ ದಾರಿ ಹಿಡಿಯುವವರೆಗೆ ಕಾದು ನಿಲ್ಲುವ ವ್ಯಾಯಾಮ ಶಿಕ್ಷಕನ ಹೆಸರು ಸಾಮಾನ್ಯವಾಗಿ ಸಿಬ್ಬಂದಿವರ್ಗದ ಪಟ್ಟಿಯ ಕೊನೆಯ ಸಾಲುಗಳಲ್ಲಿ ಕಾಣಸಿಗುತ್ತದೆ. ಕೆಲವು ಶಾಲೆಗಳಲ್ಲಿ ಆ ಸಾಲೂ ಇರುವುದಿಲ್ಲ. ಹುದ್ದೆ ತೆರವಾಗಿ ಉಳಿದಿರುತ್ತದೆ. ಅದನ್ನು ತುಂಬಬೇಕೆಂಬ ಕಳಕಳಿಯೂ ಯಾರಲ್ಲಿಯೂ ಅಷ್ಟಾಗಿ ಕಂಡುಬರುವುದಿಲ್ಲ.

ಇಂತಹ ಕಡೆಗಳಲ್ಲಿ ಇತ್ತೀಚೆಗೆ ಒಂದು ಸುಲಭೋಪಾಯ ರೂಢಿಗೆ ಬಂದಿದೆ. ವಾರಕ್ಕೆ ಒಂದೆರಡು ಬಾರಿ ಹೊರಗಿನಿಂದ ಕರಾಟೆಯ ತರಬೇತುದಾರರೊಬ್ಬರನ್ನು ಕರೆಸಿ, ಶುಲ್ಕ ಕೊಡಬಲ್ಲ ಮಕ್ಕಳಿಗೆ ಮಾತ್ರ ತರಗತಿ ನಡೆಸಿ, ವರ್ಷಾಂತ್ಯದಲ್ಲಿ ಬಣ್ಣದ ಪಟ್ಟಿಗಳನ್ನು ಹಂಚಿದರೆ ಶಾರೀರಿಕ ಶಿಕ್ಷಣದ ಹೊಣೆ ತೀರಿತೆಂದು ಭಾವಿಸಲಾಗುತ್ತಿದೆ. ಕರಾಟೆಯಲ್ಲಿ ದೋಷವಿಲ್ಲ, ಆ ತರಬೇತುದಾರರಲ್ಲಿಯೂ ದೋಷವಿಲ್ಲ. ದೋಷವಿರುವುದು ವ್ಯವಸ್ಥೆಯಲ್ಲಿ. ಅಂಗಸಾಧನೆಯನ್ನು ಕಲಿಸುವವನು ಬಂದುಹೋಗುವ ಅತಿಥಿಯಾಗಿರದೆ ಶಾಲೆಯಲ್ಲಿ ನೆಲೆನಿಂತ ಗುರುವಾಗಿರಬೇಕು. ಅವನ ವಿದ್ಯೆ ಶುಲ್ಕ ಕೊಡಲಾರದ ಮಗುವಿಗೂ ದಕ್ಕಬೇಕು. ಉರಿಗಾಂ, ಬಂಗಾರಪೇಟೆಗಳಂತಹ ಊರುಗಳಲ್ಲಿ ಈ ಮಾತಿಗೆ ವಿಶೇಷ ಅರ್ಥವಿದೆ. ಅದನ್ನು ಮನಗಾಣಲು ಕನ್ನಡ ನಾಡಿನ ಒಬ್ಬ ಮಹಾ ವ್ಯಾಯಾಮಾಚಾರ್ಯರು ನಡೆದು ಬಂದ ದಾರಿಯನ್ನು ಸ್ಥೂಲವಾಗಿ ಅವಲೋಕಿಸುವುದು ಉಚಿತ.

ಮಲ್ಲಾಡಿಹಳ್ಳಿಯ ಶ್ರೀ ರಾಘವೇಂದ್ರ ಸ್ವಾಮೀಜಿಯವರ ಹೆಸರನ್ನು ಕೇಳದ ಕನ್ನಡಿಗ ಅಧ್ಯಾಪಕರು ವಿರಳ. ಅವರ ಪೂರ್ವಾಶ್ರಮದ ಹೆಸರು ಕುಮಾರಸ್ವಾಮಿ. ಬೆಳೆದದ್ದು ದಕ್ಷಿಣ ಕನ್ನಡ ಸೀಮೆಯ ಬಾರಕೂರಿನಲ್ಲಿ. ಬಾಲ್ಯದಲ್ಲಿ ರೋಗಪೀಡಿತರಾಗಿದ್ದ, ದುರ್ಬಲ ಶರೀರದ ಆ ಹುಡುಗ ಮುಂದೆ ನಾಡಿಗೆ ನಾಡೇ ಬೆರಗಾಗುವಂತಹ ಮಲ್ಲನೂ ಯೋಗಪಟುವೂ ಆದದ್ದು ಅಂಗಸಾಧನೆಯ ಬಲದಿಂದಲೇ. ಹುಟ್ಟಿನಿಂದ ಬಲಿಷ್ಠನಾದವನು ವ್ಯಾಯಾಮವನ್ನು ಹೊಗಳಿದರೆ ಅದರಲ್ಲಿ ಆಶ್ಚರ್ಯವಿಲ್ಲ. ದೌರ್ಬಲ್ಯವನ್ನು ಅನುಭವಿಸಿ ಗೆದ್ದವನು ಗುರುವಾದಾಗ, ಸಾಲಿನ ಕೊನೆಯಲ್ಲಿ ನಿಂತ ಬಡಕಲು ಹುಡುಗನ ಮೇಲೆಯೇ ಅವನ ದೃಷ್ಟಿ ಮೊದಲು ಬೀಳುತ್ತದೆ.

ಅವರು ವಿದ್ಯೆಗಾಗಿ ಬಹುದೂರ ಸಂಚರಿಸಿದರು. ಮಲ್ಲವಿದ್ಯೆಯ ಶಿಕ್ಷಣ ಅವರಿಗೆ ದೊರೆತದ್ದು ಬರೋಡಾ ನಗರದಲ್ಲಿ, ಪ್ರೊಫೆಸರ್ ಮಾಣಿಕರಾಯರ ಸನ್ನಿಧಿಯಲ್ಲಿ. ಮಾಣಿಕರಾಯರು ತಮ್ಮ ಗುರು ಜುಮ್ಮಾದಾದಾ ಅವರ ಹೆಸರಿನ ವ್ಯಾಯಾಮ ಮಂದಿರವನ್ನು ಬೆಳೆಸಿ, ಕುಸ್ತಿ, ಮಲ್ಲಕಂಬ, ಲಾಠಿ, ಲೇಜಿಮ್ ಮೊದಲಾದ ದೇಶೀಯ ಸಾಧನೆಗಳನ್ನು ಕ್ರಮಬದ್ಧವಾಗಿ ಬೋಧಿಸಿದ ಮಹನೀಯರು. ಅದುವರೆಗೆ ಒಬ್ಬ ಉಸ್ತಾದನಿಂದ ಒಬ್ಬ ಶಿಷ್ಯನಿಗೆ ಗರಡಿಯ ಗೋಡೆಗಳೊಳಗೆ ಹರಿಯುತ್ತಿದ್ದ ವಿದ್ಯೆಯನ್ನು ನೂರಾರು ಜನ ಒಟ್ಟಿಗೆ ಮೈದಾನದಲ್ಲಿ ಅಭ್ಯಾಸ ಮಾಡುವಂತೆ ಅವರು ಅಳವಡಿಸಿದರು. ಕವಾಯತಿನ ಆಜ್ಞೆಗಳನ್ನು ಇಂಗ್ಲಿಷಿನಿಂದ ಬಿಡಿಸಿ ದೇಶಭಾಷೆಗೆ ತಂದರು. ಮೂಳೆ ಕೂಡಿಸುವ ಚಿಕಿತ್ಸೆಯಲ್ಲಿಯೂ ಅವರು ನಿಷ್ಣಾತರಾಗಿದ್ದರು. ಪಟ್ಟು ಹಾಕುವುದನ್ನು ಕಲಿಸುವವನು ಉಳುಕು ತೆಗೆಯುವುದನ್ನೂ ಬಲ್ಲವನಾಗಿರಬೇಕೆಂಬುದು ನಮ್ಮ ಗರಡಿಗಳ ಹಳೆಯ ನಿಯಮವಷ್ಟೆ. ಲೋಣಾವಳೆಯಲ್ಲಿ 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗವನ್ನು ವೈಜ್ಞಾನಿಕ ಪರೀಕ್ಷೆಗೆ ಒಡ್ಡಿದ ಸ್ವಾಮಿ ಕುವಲಯಾನಂದರೂ 1907ರಿಂದ 1910ರವರೆಗೆ ಇದೇ ಮಾಣಿಕರಾಯರ ಬಳಿ ಶಿಕ್ಷಣ ಪಡೆದವರು. ಒಬ್ಬ ಗುರುವಿನ ಅಂಗಳದಿಂದ ಹೊರಟ ಇಬ್ಬರಲ್ಲಿ ಒಬ್ಬರು ಪ್ರಯೋಗಾಲಯವನ್ನು ಕಟ್ಟಿದರು. ಮತ್ತೊಬ್ಬರು ಕನ್ನಡದ ಹಳ್ಳಿಗಳತ್ತ ನಡೆದರು.

ಮಲ್ಲವಿದ್ಯೆಯೊಂದಿಗೆ ಯೋಗವನ್ನೂ ಆಯುರ್ವೇದವನ್ನೂ ಅಭ್ಯಸಿಸಿದ ಸ್ವಾಮೀಜಿಯವರು ಕರ್ನಾಟಕದ ಊರೂರುಗಳಲ್ಲಿ ವ್ಯಾಯಾಮ ಶಿಬಿರಗಳನ್ನು ನಡೆಸತೊಡಗಿದರು. ಅಂದಿನ ಹಳ್ಳಿಗಳಲ್ಲಿ ಗರಡಿಮನೆಗಳಿಗೆ ಕೊರತೆಯಿರಲಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿಯೇ ಮಲ್ಲವಿನೋದಕ್ಕೆ ಒಂದು ಅಧ್ಯಾಯ ಮೀಸಲಾಗಿರುವುದನ್ನು ನೋಡಿದರೆ ಈ ನಾಡಿನಲ್ಲಿ ಮಟ್ಟಿಯ ಮಣ್ಣಿಗೆ ಎಷ್ಟು ಹಿಂದಿನ ಮಾನ್ಯತೆಯಿದೆಯೆಂಬುದು ತಿಳಿಯುತ್ತದೆ. ಆದರೆ ಗರಡಿಯ ಸಾಧನೆ ಹಬ್ಬದ ಕುಸ್ತಿಗೂ, ಕೆಲವು ಮನೆತನಗಳ ಪ್ರತಿಷ್ಠೆಗೂ ಸೀಮಿತವಾಗಿತ್ತು. ಅದನ್ನು ಎಲ್ಲ ಜಾತಿಯ, ಎಲ್ಲ ಅಂತಸ್ತಿನ ಮಕ್ಕಳ ನಿತ್ಯಕರ್ಮವನ್ನಾಗಿ ಮಾಡುವುದೇ ಶಿಬಿರಗಳ ಧ್ಯೇಯವಾಗಿತ್ತು.

ಹೀಗೆ ಸಂಚರಿಸುತ್ತಿದ್ದವರು ಚಿತ್ರದುರ್ಗ ಜಿಲ್ಲೆಯ ಹೊಳಲ್ಕೆರೆ ತಾಲ್ಲೂಕಿನ ಮಲ್ಲಾಡಿಹಳ್ಳಿಗೆ ಬಂದು ಅಲ್ಲಿಯೇ ನಿಂತರು. 1943ರಲ್ಲಿ ಅನಾಥ ಸೇವಾಶ್ರಮ ಸ್ಥಾಪಿತವಾಯಿತು. ಅವರ ಜೀವನದ ನಿಜವಾದ ತಿರುವು ಇದೇ ಎಂದು ಹೇಳಬಹುದು. ಶಿಬಿರ ನಡೆಸುವವನು ಕೆಲವೇ ದಿನಗಳಲ್ಲಿ ಉತ್ಸಾಹವನ್ನು ಎಬ್ಬಿಸಬಲ್ಲನು. ಅವನು ಹೊರಟುಹೋದ ಮೇಲೆ ದೊಣ್ಣೆಗಳು ಅಟ್ಟ ಸೇರುತ್ತವೆ. ನೆಲೆನಿಂತ ಗುರುವಾದರೋ ರೋಗಿಗೆ ಔಷಧಿ ಕೊಡಬೇಕು, ಅನಾಥ ಮಗುವಿಗೆ ಅನ್ನ ಕೊಡಬೇಕು, ಅಕ್ಷರವನ್ನೂ ಕಲಿಸಬೇಕು. ಆಶ್ರಮದಲ್ಲಿ ಇವೆಲ್ಲವೂ ಒಂದೊಂದಾಗಿ ಬೆಳೆದುಬಂದವು: ಶಾಲೆಗಳು, ಆಸ್ಪತ್ರೆ, ಆಯುರ್ವೇದ ವಿದ್ಯಾಲಯ ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ವ್ಯಾಯಾಮ ಶಿಕ್ಷಕರನ್ನು ತರಬೇತುಗೊಳಿಸುವ ಮಹಾವಿದ್ಯಾಲಯ. ಒಬ್ಬ ಶಿಕ್ಷಕನು ತನ್ನ ಮೈದಾನದಲ್ಲಿ ನಿಂತ ಮಕ್ಕಳಿಗೆ ಮಾತ್ರ ಕಲಿಸಬಲ್ಲನು. ಶಿಕ್ಷಕರನ್ನೇ ಸಿದ್ಧಪಡಿಸಿದವನ ವಿದ್ಯೆ ಅವನು ಕಾಣದ ಊರುಗಳ ಮೈದಾನಗಳಿಗೂ ತಲಪುತ್ತದೆ. ನಾಡಿನ ಅನೇಕ ಪ್ರೌಢಶಾಲೆಗಳಿಗೆ ಮಲ್ಲಾಡಿಹಳ್ಳಿಯಲ್ಲಿ ತರಬೇತಿ ಹೊಂದಿದ ಶಿಕ್ಷಕರು ಹೋಗಿ ಸೇವೆ ಸಲ್ಲಿಸಿದರು.

ಇದಕ್ಕೆಲ್ಲ ಹಣ ಒದಗಿದ್ದು ಜೋಳಿಗೆಯಿಂದ. ಸ್ವಾಮೀಜಿಯವರು ತಮ್ಮನ್ನು ‘ತಿರುಕ’ ಎಂದು ಕರೆದುಕೊಂಡರು. ಅದೇ ಅವರ ಕಾವ್ಯನಾಮವೂ ಆಯಿತು. ಅವರ ಆತ್ಮಕಥೆಯ ಹೆಸರೇ ‘ಜೋಳಿಗೆಯ ಪವಾಡ’. ತಿರಿದು ತಂದದ್ದನ್ನು ಅವರು ಮೊದಲು ವ್ಯಯಿಸಿದ್ದು ಮಕ್ಕಳಿಗಾಗಿ, ಕಲಿಸುವವರಿಗಾಗಿ. 1996ರಲ್ಲಿ ಅವರು ದೇಹವಿಟ್ಟಾಗ ಅವರ ಹಿಂದೆ ಉಳಿದದ್ದು ಪದಕಗಳ ಕಪಾಟಲ್ಲ, ಶಿಷ್ಯಪರಂಪರೆ.

ಮಲ್ಲಾಡಿಹಳ್ಳಿ ಇಲ್ಲಿಗೆ ದೂರವೆಂದೂ, ಆಶ್ರಮದ ಮಾದರಿ ಪಟ್ಟಣದ ಶಾಲೆಗೆ ಹೊಂದದೆಂದೂ ಹೇಳುವವರಿದ್ದಾರೆ. ಅವರಿಗಾಗಿ ಕೋಲಾರ ಸೀಮೆಯವರೇ ಆದ ಮತ್ತೊಬ್ಬ ಆಚಾರ್ಯರ ದೃಷ್ಟಾಂತವಿದೆ. ಕೋಲಾರದ ಹೆಸರನ್ನು ತಮ್ಮ ಹೆಸರಿನ ಮೊದಲಿಗೇ ಹೊತ್ತ ಕೆ. ವಿ. ಅಯ್ಯರ್ ಅವರು 1922ರಲ್ಲಿ ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆಯನ್ನು ತೆರೆದು, ಸೂರ್ಯನಮಸ್ಕಾರವನ್ನೂ ಪಾಶ್ಚಾತ್ಯ ಭಾರಸಾಧನೆಯನ್ನೂ ಸಮನ್ವಯಗೊಳಿಸಿ ಕಲಿಸಿದರು. ದೂರದ ಶಿಷ್ಯರಿಗೆ ಅಂಚೆಯ ಮೂಲಕವೂ ಪಾಠ ಹೇಳಿದರು. ಮೈಸೂರು ಅರಮನೆಯ ಮನ್ನಣೆ ಅವರಿಗೆ ದೊರೆಯಿತು. ಅವರು ಸಾಧಕರೊಡನೆ ಎಷ್ಟು ಆತ್ಮೀಯರೋ ಸಾಹಿತಿಗಳೊಡನೆಯೂ ಅಷ್ಟೇ ಆತ್ಮೀಯರು, ಟಿ. ಪಿ. ಕೈಲಾಸಂ ಅವರ ನಿಕಟವರ್ತಿಗಳು; ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಕರ್ತೃಗಳು. ಒಬ್ಬರು ಜೋಳಿಗೆ ಹಿಡಿದ ಸಂನ್ಯಾಸಿ, ಇನ್ನೊಬ್ಬರು ನಗರದ ಗೃಹಸ್ಥ. ಇಬ್ಬರೂ ತಮ್ಮ ತಮ್ಮ ಸ್ಥಳದಲ್ಲಿ ದಶಕಗಳ ಕಾಲ ನೆಲೆನಿಂತು ಕಲಿಸಿದರು. ಇಬ್ಬರೂ ಕನ್ನಡದಲ್ಲಿ ಬರೆದರು. ಅಂಗಸಾಧನೆ ಓದಿಗೆ ಶತ್ರುವೆಂಬ ಪೋಷಕರ ಭೀತಿಗೆ ಈ ಎರಡು ಜೀವನಗಳಿಗಿಂತ ಸಮರ್ಪಕವಾದ ಉತ್ತರ ಬೇಕಿಲ್ಲ.

ಇಂದು ಮಕ್ಕಳ ಸೊಂಟದಲ್ಲಿ ಕಾಣುವ ಬಣ್ಣದ ಪಟ್ಟಿಯ ಮೂಲವನ್ನು ಅರಸಿದರೂ ಇದೇ ಸತ್ಯ ಗೋಚರಿಸುತ್ತದೆ. ಜಪಾನಿನಲ್ಲಿ 1882ರಲ್ಲಿ ಜೂಡೋ ವಿದ್ಯೆಗೆ ಕೊಡೊಕಾನ್ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ ಅವರು ವೃತ್ತಿಯಿಂದ ಅಧ್ಯಾಪಕರು. ಟೋಕಿಯೋದ ಉನ್ನತ ಶಿಕ್ಷಕರ ತರಬೇತಿ ಶಾಲೆಯ ಮುಖ್ಯಸ್ಥರಾಗಿ ಬಹುಕಾಲ ದುಡಿದವರು. ಸಾಧಕನ ಮಟ್ಟವನ್ನು ಪಟ್ಟಿಯಿಂದ ಸೂಚಿಸುವ ಪದ್ಧತಿ ಆರಂಭವಾದದ್ದು ಅವರ ಜೂಡೋದಲ್ಲಿಯೇ. ಒಕಿನಾವಾ ದ್ವೀಪದ ಕರಾಟೆಯನ್ನು 1922ರಲ್ಲಿ ಟೋಕಿಯೋ ನಗರದಲ್ಲಿ ಪ್ರದರ್ಶಿಸಿದ ಗಿಚಿನ್ ಫುನಕೋಶಿ ಅವರು ಶಾಲಾ ಉಪಾಧ್ಯಾಯರಾಗಿದ್ದವರು. ಅವರ ಗುರು ಇಟೊಸು ಅವರು ಆ ದ್ವೀಪದ ಶಾಲೆಗಳ ಪಾಠಕ್ರಮಕ್ಕೆ ಕರಾಟೆಯನ್ನು ಸೇರಿಸಲು ಶ್ರಮಿಸಿದವರು. ಹೊಡೆದಾಟದ ವಿದ್ಯೆಯನ್ನು ಶೀಲಶಿಕ್ಷಣವನ್ನಾಗಿ ಪರಿವರ್ತಿಸಿದವರು ಯೋಧರಿಗಿಂತ ಹೆಚ್ಚಾಗಿ ಶಾಲಾ ಮೇಷ್ಟರುಗಳೇ. ಪಟ್ಟಿಯನ್ನು ತರಿಸಿಕೊಂಡು ಮೇಷ್ಟರನ್ನು ಬಿಟ್ಟರೆ ಆ ವಿದ್ಯೆಯ ಅರ್ಧ ಭಾಗ ಅಲ್ಲಿಯೇ ಉಳಿದಂತೆ.

ಈಗ ಉರಿಗಾಮಿನ ವಿಷಯಕ್ಕೆ ಬರಬಹುದು. ಚಿನ್ನದ ಗಣಿ ನಡೆಯುತ್ತಿದ್ದ ಒಂದು ಶತಮಾನಕ್ಕೂ ಮಿಗಿಲಾದ ಕಾಲದಲ್ಲಿ ಇಲ್ಲಿನ ಜನಕ್ಕೆ ಶರೀರಶ್ರಮವನ್ನು ಬೇರೆಯಾಗಿ ಕಲಿಸಬೇಕಾಗಿರಲಿಲ್ಲ. ಚಾಂಪಿಯನ್ ರೀಫ್ ಗಣಿಯ ಮೂರು ಸಾವಿರ ಮೀಟರಿಗೂ ಹೆಚ್ಚಿನ ಆಳದಲ್ಲಿ, ಬಂಡೆಯ ಕಾವಿನ ನಡುವೆ ದುಡಿದವರ ಮೈಕಟ್ಟು ದುಡಿಮೆಯಿಂದಲೇ ರೂಪುಗೊಂಡದ್ದು. ಪಾಳಿಯ ಶಿಸ್ತು, ಜೊತೆಗಾರನ ಪ್ರಾಣದ ಹೊಣೆ ತನ್ನದೆಂಬ ಭಾವನೆ, ಅಪಾಯದಲ್ಲಿ ಎದೆಗೆಡದ ಸ್ಥೈರ್ಯ—ಗರಡಿಯು ಕಲಿಸುವ ಈ ಗುಣಗಳನ್ನು ಗಣಿಯು ತನ್ನದೇ ಕಠೋರ ರೀತಿಯಲ್ಲಿ ಕಲಿಸುತ್ತಿತ್ತು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚಿದುವು. ಅಂದು ಹುಟ್ಟಿದ ಮಗು ಇಂದು ಪ್ರಾಯಕ್ಕೆ ಬಂದ ಯುವಕ. ಬೆಳಗಿನ ಜಾವ ಮಾರಿಕುಪ್ಪಂನಿಂದ ಹೊರಟು ಉರಿಗಾಂ, ಬಂಗಾರಪೇಟೆಗಳ ಮೂಲಕ ಬೆಂಗಳೂರಿಗೆ ಹೋಗುವ ರೈಲಿನಲ್ಲಿ ಅವನು ನಿಂತು ಪ್ರಯಾಣಿಸುತ್ತಾನೆ. ಕತ್ತಲಾದ ಮೇಲೆ ಮರಳುತ್ತಾನೆ. ತಂದೆಗೆ ಗಣಿ ಕೊಟ್ಟಿದ್ದ ಮೈಬಲವಾಗಲಿ ಸಂಗಡಿಗರ ಬಳಗವಾಗಲಿ ಅವನಿಗಿಲ್ಲ. ಅವನ ತಮ್ಮಂದಿರೂ ತಂಗಿಯರೂ ಶಾಲೆಯಲ್ಲಿರುವಾಗಲೇ ಅದನ್ನು ಒದಗಿಸುವ ಹೊಣೆ ಈಗ ಶಾಲೆಯ ಮೇಲೆ ಬಿದ್ದಿದೆ.

ಸಾಮಗ್ರಿ ಇಲ್ಲಿಯೇ ಇದೆ. ಗಣಿಕೆಲಸಕ್ಕೆ ಬಂದು ನೆಲೆಸಿದ ತಮಿಳು ಕುಟುಂಬಗಳ ನಾಡಿನ ವಿದ್ಯೆ ಸಿಲಂಬ. ಕನ್ನಡ ಹಳ್ಳಿಗಳದ್ದು ದೊಣ್ಣೆವರಸೆ ಮತ್ತು ಕುಸ್ತಿ. ಭಾಷೆ ಬೇರೆಯಾದರೂ ಕೋಲು ತಿರುಗಿಸುವ ಕೈಗಳಿಗೆ ಪರಸ್ಪರ ಪರಿಚಯ ಸುಲಭ. ಕನ್ನಡ, ತಮಿಳು, ತೆಲುಗು, ಉರ್ದು ಮಾತಾಡುವ ಮಕ್ಕಳು ಒಂದೇ ಬೆಂಚಿನಲ್ಲಿ ಕೂಡುವ ಈ ಪ್ರದೇಶದಲ್ಲಿ ಅವರೆಲ್ಲರನ್ನೂ ಒಂದೇ ಮಟ್ಟಿಯಲ್ಲಿ ನಿಲ್ಲಿಸುವುದಕ್ಕಿಂತ ಹಿರಿದಾದ ಸೌಹಾರ್ದದ ಪಾಠ ಯಾವುದಿದೆ?

ಹೊಡೆದಾಟ ಕಲಿತ ಹುಡುಗರು ಪುಂಡರಾದಾರೆಂಬ ಆಕ್ಷೇಪಣೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ಗುರುವಿಲ್ಲದೆ ಪಟ್ಟುಗಳನ್ನು ಮಾತ್ರ ಕಲಿತವನಲ್ಲಿ ಆ ಅಪಾಯ ನಿಜವಾಗಿಯೂ ಉಂಟು. ಅದನ್ನು ತಡೆಯಬಲ್ಲವನು ಹುಡುಗನ ಮನೆಯನ್ನೂ ಮನಸ್ಸನ್ನೂ ವರ್ಷವಿಡೀ ಬಲ್ಲ ಶಿಕ್ಷಕನೇ ಹೊರತು ವಾರಕ್ಕೊಮ್ಮೆ ಬಂದುಹೋಗುವವನಲ್ಲ. ಹೆಣ್ಣುಮಕ್ಕಳ ವಿಷಯದಲ್ಲಿಯಂತೂ ಸಂಕೋಚಕ್ಕೆ ಎಡೆಯೇ ಇರಬಾರದು. ದೂರದ ಊರಿಗೆ ಕೆಲಸಕ್ಕೆ ಹೋಗಿಬರುವ ಈ ಕಾಲದ ಹೆಣ್ಣುಮಗಳಿಗೆ ಆತ್ಮರಕ್ಷಣೆಯ ವಿದ್ಯೆ ಗಂಡುಮಕ್ಕಳಿಗಿಂತ ಹೆಚ್ಚು ಅವಶ್ಯ. ಅದಕ್ಕಾಗಿ ಶಿಕ್ಷಕಿಯೊಬ್ಬರನ್ನು ನೇಮಿಸುವುದು ಸಂಸ್ಥೆಯ ಕರ್ತವ್ಯ.

ಆದುದರಿಂದ ಆಡಳಿತ ಮಂಡಳಿಗಳೂ ದಾನಿಗಳೂ ಪರ್ಯಾಲೋಚಿಸಬೇಕಾದ ಅಂಶ ಒಂದೇ. ಕೊಠಡಿಗೆ, ಕಮಾನಿಗೆ, ಕಲ್ಲುಹಾಸಿಗೆ ದಾನ ಸುಲಭವಾಗಿ ಕೂಡಿಬರುತ್ತದೆ, ಏಕೆಂದರೆ ಅವುಗಳ ಮೇಲೆ ಹೆಸರನ್ನು ಕೆತ್ತಿಸಬಹುದು. ಒಬ್ಬ ಶಿಕ್ಷಕನ ಸಂಬಳದ ಮೇಲೆ ಹೆಸರು ಕೆತ್ತಿಸಲಾಗದು. ಆದರೂ ಸರ್ಕಾರದ ನೇಮಕಾತಿಗಾಗಿ ವರ್ಷಾನುಗಟ್ಟಲೆ ಕಾಯುವ ಬದಲು, ಹಳೆಯ ವಿದ್ಯಾರ್ಥಿಗಳು ಸೇರಿ ಒಂದು ದತ್ತಿನಿಧಿಯನ್ನು ಕೂಡಿಸಿ, ಅದರ ಬಡ್ಡಿಯಿಂದ ಅಂಗಸಾಧನೆಯ ಶಿಕ್ಷಕರೊಬ್ಬರ ಜೀವನಕ್ಕೆ ಭದ್ರತೆ ಒದಗಿಸುವುದು ಅಸಾಧ್ಯವೇನಲ್ಲ. ಊರಿನಲ್ಲಿ ಇನ್ನೂ ಉಳಿದಿರುವ ವೃದ್ಧ ಉಸ್ತಾದರನ್ನು ಗೌರವದಿಂದ ಬರಮಾಡಿಕೊಂಡು ಆ ಶಿಕ್ಷಕರ ಜೊತೆಯಲ್ಲಿ ಕೂರಿಸಿದರೆ, ಅವರೊಡನೆ ಅಳಿದುಹೋಗಲಿರುವ ವರಸೆಗಳೂ ಉಳಿದಾವು. ಮಟ್ಟಿಗೆ ಬೇಕಾದ ಕೆಮ್ಮಣ್ಣಿಗೆ ಈ ಜಿಲ್ಲೆಯಲ್ಲಿ ಬಡತನವಿಲ್ಲ.

ಬಾರಕೂರಿನ ದುರ್ಬಲ ಬಾಲಕನೊಬ್ಬ ಗುರುವನ್ನು ಅರಸಿ ಬರೋಡಾದವರೆಗೆ ಹೋಗಬೇಕಾಯಿತು. ಉರಿಗಾಮಿನ ಶಾಲೆಯ ಸಾಲಿನಲ್ಲಿ ಕೊನೆಗೆ ನಿಂತ ಬಾಲಕ ಅಷ್ಟು ದೂರ ಹೋಗಲಾರ. ಅವನಿಗಾಗಿ ಒಬ್ಬ ಗುರುವನ್ನು ಇಲ್ಲಿಯೇ ನೆಲೆಗೊಳಿಸುವ ಕಾರ್ಯ ಮುಂದಿನ ಸಂಪುಟ ಹೊರಬರುವ ವೇಳೆಗಾದರೂ ನೆರವೇರಿ, ಆ ಗುರುವಿನ ಹೆಸರು ಅಧ್ಯಾಪಕರ ಪಟ್ಟಿಯಲ್ಲಿ ಯೋಗ್ಯವಾದ ಸ್ಥಾನದಲ್ಲಿ ಅಚ್ಚಾಗಲಿ.